ಪ್ರಮಾಣಪತ್ರ ಬರುವ ಮುಂಚೆ

ಕೋಲ್ಕತ್ತದ ಬಾಲಿಗಂಜ್‌ನಲ್ಲಿ ಶಾಲೆಗಳಿಗೆ ಬರವಿಲ್ಲ. ಗಡಿಯಾಹಾಟ್ ವೃತ್ತದಿಂದ ಒಳಗೆ ಹೊಕ್ಕರೆ ಮ್ಯಾಂಡವಿಲ್ ಗಾರ್ಡನ್ಸ್. ಅಲ್ಲಿ 1954ರಲ್ಲಿ ಶುರುವಾದ ಸೌತ್ ಪಾಯಿಂಟ್ ಶಾಲೆ 1980ರ ದಶಕದಲ್ಲಿ, ಮಕ್ಕಳ ಸಂಖ್ಯೆಯ ಲೆಕ್ಕದಲ್ಲಿ ಜಗತ್ತಿನಲ್ಲೇ ದೊಡ್ಡದೆಂದು ಗಿನ್ನೆಸ್ ದಾಖಲೆಗೆ ಸೇರಿತ್ತು. ಬಾಲಿಗಂಜ್ ಪ್ಲೇಸ್ ಕಡೆಗೆ ನಡೆದರೆ 1965ರಲ್ಲಿ ಹುಟ್ಟಿದ ಪಾಠ ಭವನ. ಸತ್ಯಜಿತ್ ರಾಯ್ ಓದಿದ ಸರ್ಕಾರಿ ಹೈಸ್ಕೂಲು ಇದೇ ಬಡಾವಣೆಯದು. ಸರ್ಕ್ಯುಲರ್ ರಸ್ತೆಯ ಡೇವಿಡ್ ಹೇರ್ ಕಾಲೇಜು ಶತಮಾನಕ್ಕೂ ಹೆಚ್ಚು ಕಾಲದಿಂದ ಮೇಷ್ಟರುಗಳನ್ನು ತಯಾರು ಮಾಡುತ್ತ ಬಂದಿದೆ. ಓದನ್ನೇ ಉಸಿರಾಡುವ ಇಂಥ ಕಡೆ ಓದು ಹತ್ತದ ಮಗುವೊಂದು ಇದ್ದರೆ ಅದರ ಅಪ್ಪ ಅಮ್ಮ ಯಾರ ಮುಂದೂ ಬಾಯಿ ಬಿಡುವುದಿಲ್ಲ.

ಬಾಡಿಗೆ ಮನೆಯೊಂದರ ನಡುಮನೆಯಲ್ಲಿ ಈ ಮಾತು ಕೊನೆಗೂ ಹೊರಬಿದ್ದದ್ದು ಕನ್ನಡದಲ್ಲಿ. ತಾಯಿ ಬ್ಯಾಂಕಿನ ವರ್ಗಾವಣೆಯ ಮೇಲೆ ಇಲ್ಲಿಗೆ ಬಂದವರು. ತಾತ ಹಾಸನದ ಕಡೆಯವರು. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಲೇ ನಿವೃತ್ತರಾದವರು. ಮೂರನೆಯವರು ಮೈಸೂರಿನಲ್ಲಿ ಓದಿ, ಮದುವೆಯಾಗಿ ಈ ಊರು ಸೇರಿ, ಕಲಿಕೆಯ ತೊಡಕಿರುವ ಮಕ್ಕಳಿಗೆ ಪಾಠ ಹೇಳುವ ವಿಶೇಷ ಶಿಕ್ಷಕಿ. ಮಾತೆಲ್ಲ ಮೂರನೇ ಕ್ಲಾಸಿನ ಒಬ್ಬ ಹುಡುಗನ ಬಗ್ಗೆ. ಅವನು ಆಗ ಪಕ್ಕದ ಮನೆಯಲ್ಲಿ ಆಡುತ್ತಿದ್ದ.

"ಡೈರಿಯಲ್ಲಿ ಪ್ರತಿ ವಾರ ಒಂದೇ ಸಾಲು," ಎಂದರು ತಾಯಿ. "ಗಮನ ಕೊಡುವುದಿಲ್ಲ, ಬೋರ್ಡು ನೋಡಿ ಪೂರ್ತಿ ಬರೆದುಕೊಳ್ಳುವುದಿಲ್ಲ, ಸ್ಪೆಲ್ಲಿಂಗ್ ತಪ್ಪು. ಆದರೆ ಪಾಠವನ್ನು ನಾನು ಒಂದು ಸಲ ಓದಿ ಹೇಳಿದರೆ ಸಾಕು, ಇಡೀ ಕಥೆ ತಿರುಗಿ ಹೇಳುತ್ತಾನೆ. ಪ್ರಶ್ನೆ ಕೇಳಿದರೆ ಉತ್ತರ ಬಾಯಲ್ಲೇ ಇರುತ್ತದೆ. ಅದೇ ಪುಟವನ್ನು ಅವನ ಕೈಗೆ ಕೊಟ್ಟು ಓದು ಅಂದರೆ ಬೆವರುತ್ತಾನೆ."

"ತಿದ್ದಿಸಿದರೆ ಬರುತ್ತೆ," ಎಂದರು ತಾತ. "ನಮ್ಮ ಕಾಲದಲ್ಲಿ ಮರಳಿನ ಮೇಲೆ, ಸ್ಲೇಟಿನ ಮೇಲೆ ತಿದ್ದಿಸುತ್ತಿದ್ದೆವು. ತಪ್ಪಿದ ಪದವನ್ನು ಇಪ್ಪತ್ತೈದು ಸಲ ಬರೆಸುತ್ತಿದ್ದೆವು. ಈಗ ಮಕ್ಕಳಿಗೆ ಬರೆಯುವುದೇ ಬೇಡವಾಗಿದೆ."

ಶಿಕ್ಷಕಿ ತಾತನ ಮಾತನ್ನು ತಳ್ಳಿಹಾಕಲಿಲ್ಲ. ಅವರ ತರಗತಿಗಳಲ್ಲಿ ಹೀಗೆ ಬಾಯಲ್ಲಿ ಚುರುಕು, ಹಾಳೆಯ ಮೇಲೆ ಸೊನ್ನೆ ಎನ್ನುವಂಥ ಮಕ್ಕಳು ಯಾರೂ ಇರಲಿಲ್ಲವೇ ಎಂದು ಕೇಳಿದರು. ತಾತ ಸ್ವಲ್ಪ ಹೊತ್ತು ಯೋಚಿಸಿದರು. ಇದ್ದರು. ಲೆಕ್ಕದ ಮಗ್ಗಿ ತಪ್ಪುತ್ತಿತ್ತು, ಆದರೆ ಸಂತೆಯ ವ್ಯಾಪಾರ ತಪ್ಪುತ್ತಿರಲಿಲ್ಲ. ಪದ್ಯ ಕೇಳಿಯೇ ಕಲಿತು ಹೇಳುತ್ತಿದ್ದರು. ಅಂಥವರು ಹೆಚ್ಚಾಗಿ ನಾಲ್ಕನೇ ಇಯತ್ತೆಗೇ ಶಾಲೆ ಬಿಡುತ್ತಿದ್ದರು, ಯಾರೂ ಅವರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ.

"ಇಪ್ಪತ್ತೈದು ಸಲ ಬರೆದ ಪದ ಅವರಿಗೆ ಮಾರನೆಯ ದಿನ ನೆನಪಿರುತ್ತಿತ್ತೇ?"

"ಇಲ್ಲ," ಎಂದರು ತಾತ.

ಇಂಥ ಹುಡುಗನೊಬ್ಬನ ಕಥೆ ವೈದ್ಯಕೀಯ ದಾಖಲೆಗೆ ಮೊದಲು ಬಂದದ್ದು 1896ರ ನವೆಂಬರಿನಲ್ಲಿ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗನ ಬಗ್ಗೆ ಬರೆದರು. ಹುಡುಗ ಆಟದಲ್ಲಿ ಮುಂದು, ಬುದ್ಧಿಯಲ್ಲಿ ಯಾರಿಗೂ ಕಡಿಮೆಯಿಲ್ಲ. 749ನ್ನು 867ರಿಂದ ಸರಸರನೆ, ಸರಿಯಾಗಿ ಗುಣಿಸಿದ. ತನ್ನ ಹೆಸರನ್ನು ಬರೆಯುವಾಗ ಮಾತ್ರ ಅಕ್ಷರಗಳನ್ನು ಹಿಂದುಮುಂದು ಮಾಡಿದ. ವರ್ಷಗಟ್ಟಲೆ ಪಾಠ ಹೇಳಿದ ಮೇಷ್ಟರ ಅಭಿಪ್ರಾಯವನ್ನೂ ಮಾರ್ಗನ್ ದಾಖಲಿಸಿದ್ದಾರೆ: ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವಂತಿದ್ದರೆ ಶಾಲೆಯ ಅತಿ ಚುರುಕಿನ ಹುಡುಗ ಅವನೇ ಆಗಿರುತ್ತಿದ್ದ. ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಅದಕ್ಕೂ ಮುಂಚೆಯೇ, 1880ರ ದಶಕದಲ್ಲಿ, ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಕೊಟ್ಟಿದ್ದರು.

"ನೂರಿಪ್ಪತ್ತೈದು ವರ್ಷಕ್ಕೂ ಮೊದಲು ಒಬ್ಬ ಡಾಕ್ಟರಿಗೆ, ಒಬ್ಬ ಮೇಷ್ಟರಿಗೆ ಇದು ಕಂಡಿತ್ತು. ಇವತ್ತಿಗೂ ಡೈರಿಯಲ್ಲಿ ಬರುವುದು 'ಗಮನ ಕೊಡುವುದಿಲ್ಲ' ಎಂಬ ಸಾಲೇ," ಎಂದರು ಶಿಕ್ಷಕಿ. ಅವರ ದನಿಯಲ್ಲಿ ಸಿಟ್ಟಿತ್ತು. ಆ ಸಿಟ್ಟು ನ್ಯಾಯವಾದದ್ದು.

ತಾಯಿಗೆ ಬೇಕಿದ್ದದ್ದು ಕಾರಣ. "ಕಣ್ಣು ಸರಿಯಿದೆ, ತೋರಿಸಿದ್ದೇವೆ. ಬುದ್ಧಿಯೂ ಇದೆ. ಹಾಗಾದರೆ ತೊಡಕು ಎಲ್ಲಿ?"

"ಕಣ್ಣಲ್ಲಿ ಅಲ್ಲ, ಬಹುಪಾಲು ಸದ್ದಿನಲ್ಲಿ," ಎಂದು ಶಿಕ್ಷಕಿ ವಿವರಿಸಿದರು. ಮಾತನ್ನು ನಾವು ಇಡಿಯಾಗಿ ಕೇಳುತ್ತೇವೆ. ಓದಲು ಕಲಿಯುವಾಗ ಆ ಮಾತನ್ನು ಬಿಡಿಸಿ, ಒಂದೊಂದು ಸದ್ದನ್ನೂ ಒಂದೊಂದು ಗುರುತಿಗೆ ಕಟ್ಟಬೇಕು. ಡಿಸ್ಲೆಕ್ಸಿಯಾ ಇರುವ ಹೆಚ್ಚಿನ ಮಕ್ಕಳಿಗೆ ಬಿಡಿಸುವ ಕೆಲಸವೇ ಕಷ್ಟ. ಬಿಡಿಸಿದರೂ ಕಟ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ನೆನ್ನೆ ಓದಿದ ಪದ ಇವತ್ತು ಹೊಸದಾಗಿ ಕಾಣುತ್ತದೆ. ಹುಟ್ಟಿನಿಂದ ಬರುವ ಈ ಗುಣ ಮನೆತನಗಳಲ್ಲಿ ಹರಿಯುತ್ತದೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ, ಟೀವಿಗೂ ಇಲ್ಲ, ಅಮ್ಮ ಕೆಲಸಕ್ಕೆ ಹೋಗುವುದಕ್ಕಂತೂ ಇಲ್ಲವೇ ಇಲ್ಲ. ಕೊನೆಯ ಮಾತನ್ನು ಅವರು ತಾಯಿಯ ಮುಖ ನೋಡಿಯೇ ಹೇಳಿದರು.

"ಎಷ್ಟು ಮಕ್ಕಳಿಗೆ ಇರಬಹುದು?" ತಾತ ಕೇಳಿದರು.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ, ಓದು, ಬರಹ, ಲೆಕ್ಕ ಮೂರನ್ನೂ ಸೇರಿಸಿದರೆ ಕಲಿಕೆಯ ನಿರ್ದಿಷ್ಟ ತೊಡಕು ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ. 5ರಿಂದ 15ರಷ್ಟು ಮಂದಿಗೆ ಇರುತ್ತದೆ, ಭಾಷೆ ಯಾವುದೇ ಇರಲಿ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಕಡಿಮೆಯೆಂದರೂ ಇಬ್ಬರು. ಬೆಳಗ್ಗೆ ಬಾಲಿಗಂಜ್‌ನ ಶಾಲೆಗಳಿಗೆ ಹೊರಡುವ ಮಕ್ಕಳ ಸಾಗರದಲ್ಲಿ ಇಂಥವರು ನೂರಾರು ಮಂದಿ ಇರಲೇಬೇಕು.

"ಇವನಿಗೆ ನಾಲ್ಕು ಲಿಪಿ," ಎಂದರು ತಾಯಿ. ಅವರ ಚಿಂತೆಯ ತಿರುಳೇ ಅದಾಗಿತ್ತು. ಮನೆಯ ಗೋಡೆಗೆ ಕನ್ನಡ ಅಕ್ಷರಮಾಲೆ ಅಂಟಿಸಿದ್ದಾರೆ. ಶಾಲೆಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಎರಡನೇ ಭಾಷೆ ಹಿಂದಿ, ಮೂರನೆಯದು ಬಂಗಾಳಿ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಗೆಳೆಯರ ಮನೆಯ ಮಾತು, ಎಲ್ಲ ಬಂಗಾಳಿ. "ಒಂದೇ ಲಿಪಿ ಇದ್ದಿದ್ದರೆ ಈ ತೊಂದರೆ ಬರುತ್ತಿರಲಿಲ್ಲ ಅಲ್ಲವೇ?"

ಇಲ್ಲಿ ಶಿಕ್ಷಕಿ ನಿಧಾನವಾದರು. ಲಿಪಿಯಿಂದ ಡಿಸ್ಲೆಕ್ಸಿಯಾ ಹುಟ್ಟುವುದಿಲ್ಲ, ಆದರೆ ಲಿಪಿಗೆ ತಕ್ಕಂತೆ ಅದು ವೇಷ ಬದಲಿಸುತ್ತದೆ. 2001ರಲ್ಲಿ ಎರಾಲ್ಡೋ ಪಾಲೆಸು ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರು ನೆನಪಿಸಿಕೊಂಡರು. ಇಟಲಿ, ಫ್ರಾನ್ಸ್, ಬ್ರಿಟನ್ನಿನ ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿಗಳ ಮಿದುಳನ್ನು ಓದುವ ಹೊತ್ತಿನಲ್ಲಿ ನೋಡಿದಾಗ ಮೂರೂ ದೇಶದವರಲ್ಲಿ ಎಡಭಾಗದ ಒಂದೇ ಪ್ರದೇಶ ಮಂದವಾಗಿ ಕೆಲಸ ಮಾಡುತ್ತಿತ್ತು. ಆದರೂ ಓದಿನಲ್ಲಿ ಇಟಲಿಯವರು ಉಳಿದಿಬ್ಬರಿಗಿಂತ ಚೆನ್ನಾಗಿದ್ದರು, ಏಕೆಂದರೆ ಇಟಾಲಿಯನ್ ಬರೆದಂತೆಯೇ ಓದುವ ಭಾಷೆ. ಇಂಗ್ಲಿಷ್ ಹಾಗಲ್ಲ.

"ನಮ್ಮ ಕನ್ನಡವೂ ಬರೆದಂತೆಯೇ ಓದುವುದು," ಎಂದರು ತಾತ, ಸ್ವಲ್ಪ ಹೆಮ್ಮೆಯಿಂದ.

"ಹೌದು. ಆದರೆ ಗುರುತುಗಳ ಸಂಖ್ಯೆ ನೋಡಿ."

ವರ್ಣಮಾಲೆಯಲ್ಲಿ ಇರುವುದು ಐವತ್ತರ ಆಸುಪಾಸು. ಕಾಗುಣಿತ ಸೇರಿದರೆ ಅದು ನೂರಾರು, ಒತ್ತಕ್ಷರ ಸೇರಿದರೆ ಇನ್ನೂ ಹೆಚ್ಚು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನಲ್ಲಿದ್ದು ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ತೋರಿಸಿದ ಹಾಗೆ, ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಂತೆ ಇವು ಒಂದೆರಡು ವರ್ಷದಲ್ಲಿ ಮುಗಿಯುವ ಕಲಿಕೆಯಲ್ಲ. ಮೂರನೇ, ನಾಲ್ಕನೇ ತರಗತಿಯಲ್ಲೂ ಮಕ್ಕಳು ಅಕ್ಷರಗಳನ್ನು ಕಲಿಯುತ್ತಲೇ ಇರುತ್ತಾರೆ. ಆದ್ದರಿಂದ ಕನ್ನಡದಲ್ಲಿ ಡಿಸ್ಲೆಕ್ಸಿಯಾ ಇರುವ ಮಗು ತೀರ ಅಡ್ಡಾದಿಡ್ಡಿ ಓದುವುದಕ್ಕಿಂತ ತೀರ ನಿಧಾನವಾಗಿ ಓದುವುದು ಹೆಚ್ಚು. 'ಹಣ್ಣು' ಎಂಬಲ್ಲಿ 'ಹಣು' ಬರೆಯುತ್ತದೆ, 'ಅಕ್ಕ' 'ಅಕ' ಆಗುತ್ತದೆ, ದೀರ್ಘ ಬಿಟ್ಟುಹೋಗುತ್ತದೆ, ದ–ಧ, ಬ–ಭ, ಪ–ಷ–ಫ ಒಂದಕ್ಕೊಂದು ಸೇರಿಹೋಗುತ್ತವೆ. 'ಧರ್ಮ' ಬರೆಯುವಾಗ ರ್ ಸದ್ದು ಮೊದಲು ಕೇಳುತ್ತದೆ, ಅರ್ಕಾವೊತ್ತು ಮಾತ್ರ ಕೊನೆಗೆ ಬಂದು ಕೂರುತ್ತದೆ. ಕ್ರಮವನ್ನು ಹಿಡಿದಿಡಲು ಕಷ್ಟಪಡುವ ಮಗು ಇಲ್ಲೇ ಎಡವುತ್ತದೆ.

ಬಂಗಾಳಿಯ ತೊಡಕು ಬೇರೆ ಬಗೆಯದು. ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲಿ 'ಬರ್ಣಪರಿಚಯ' ಬರೆದಾಗ ಉಪಯೋಗವಿಲ್ಲದ ದೀರ್ಘ ೠಕಾರದಂಥ ಅಕ್ಷರಗಳನ್ನು ಕೈಬಿಟ್ಟು ಮಾಲೆಯನ್ನು ಹಗುರ ಮಾಡಿದರು. 1930ರಲ್ಲಿ ರವೀಂದ್ರನಾಥರ 'ಸಹಜ ಪಾಠ' ನಂದಲಾಲ್ ಬೋಸರ ಚಿತ್ರಗಳೊಡನೆ ಬಂತು. ಬಂಗಾಳದ ಮಕ್ಕಳ ತಲೆಮಾರುಗಳು ಈ ಎರಡು ಪುಸ್ತಕಗಳ ಮೇಲೆ ಬೆಳೆದಿವೆ. ಆದರೂ ಶ, ಷ, ಸ ಬರಹದಲ್ಲಿ ಮೂರು, ಬಾಯಲ್ಲಿ ಹೆಚ್ಚಾಗಿ ಒಂದೇ. ನ ಮತ್ತು ಣ ಒಂದೇ ಸದ್ದು. ಇಕಾರ ಈಕಾರಗಳಿಗೆ ಕಿವಿಯಲ್ಲಿ ವ್ಯತ್ಯಾಸವಿಲ್ಲ. 'ಲಕ್ಷ್ಮೀ' ಎಂದು ಬರೆದು 'ಲೊಕ್ಖಿ' ಎಂದು ಓದಬೇಕು. ಇಕಾರ, ಎಕಾರಗಳ ಗುರುತು ವ್ಯಂಜನದ ಎಡಕ್ಕೆ, ಓಕಾರದ ಗುರುತು ಎರಡೂ ಬದಿಗೆ. ಕನ್ನಡದ ಮನೆಯಿಂದ ಬಂದ ಹುಡುಗನಿಗೆ ಕೇಳುವ ಸದ್ದೇ ಹೊಸದು. ಅದರ ಮೇಲೆ ಈ ಕಾಗುಣಿತ.

"ಹಾಗಾದರೆ ಇವನಿಗೆ ಡಿಸ್ಲೆಕ್ಸಿಯಾವೋ, ಅಥವಾ ಭಾಷೆ ಹೊಸದಾದ್ದರಿಂದ ಬಂದ ತೊಡಕೋ?" ಎಂದರು ತಾಯಿ.

"ಅದಕ್ಕೇ ಅವನನ್ನು ಅವನ ಭಾಷೆಯಲ್ಲೂ ನೋಡಬೇಕು," ಎಂದರು ಶಿಕ್ಷಕಿ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಎರಡು ಬಗೆಯ ತಪ್ಪಿಗೂ ದಾರಿ. ಇಂಗ್ಲಿಷ್ ಹೊಸದಾದ ಮಗುವಿಗೆ ಇಲ್ಲದ ಹಣೆಪಟ್ಟಿ ಸಿಗಬಹುದು, ಇಲ್ಲವೇ ನಿಜವಾದ ತೊಡಕನ್ನು "ಭಾಷೆ ಹೊಸದು, ಸರಿಹೋಗುತ್ತದೆ" ಎಂದು ತಳ್ಳಿಬಿಡಬಹುದು. ಎರಡನೆಯದು ವಲಸೆ ಬಂದ ಕುಟುಂಬಗಳಲ್ಲಿ ತುಂಬ ಸುಲಭವಾಗಿ ಆಗಿಬಿಡುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕೆ. ಎಸ್. ಪ್ರೇಮಾ ಕನ್ನಡ ಓದನ್ನು ಅಳೆಯುವ ಪರೀಕ್ಷೆಯನ್ನು 1990ರ ದಶಕದಲ್ಲೇ ರೂಪಿಸಿದ್ದರು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ನಂದಿನಿ ಚಟರ್ಜಿ ಸಿಂಗ್ ಅವರ ತಂಡ 2015ರಲ್ಲಿ 'ಡಾಲಿ' ಎಂಬ ಪರೀಕ್ಷಾ ಸಾಧನ ತಂದಾಗ ಮೊದಲ ಭಾಷೆಗಳಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡವೂ ಇತ್ತು. ಅದರಲ್ಲಿ ಮಾಮೂಲಿ ಶಾಲೆಯ ಟೀಚರೇ ಬಳಸಬಹುದಾದ ಚಿಕ್ಕ ತಪಾಸಣೆಯೂ ಇದೆ, ಒಂದು ಎರಡನೇ ತರಗತಿಗೇ ಬೇರೆಯಾಗಿ.

ತಾತ ಕಣ್ಣರಳಿಸಿದರು. "ಒಂದನೇ ತರಗತಿಗೇ?"

"ಒಂದನೇ ತರಗತಿಯಲ್ಲೇ ಕಾಣುತ್ತದೆ. ನೀವೇ ಕಂಡುಹಿಡಿಯುತ್ತಿದ್ದಿರಿ. 'ಕಮಲ'ದಲ್ಲಿ 'ಕ' ತೆಗೆದರೆ ಏನು ಉಳಿಯುತ್ತದೆ ಎಂದು ಕೇಳಿ. 'ಕಿ'ಯಲ್ಲಿ 'ಇ' ತೆಗೆದು 'ಉ' ಹಾಕು ಎನ್ನಿ. ಪ್ರಾಸದ ಪದ ಹೇಳಿಸಿ. ಗೊತ್ತಿರುವ ಹತ್ತು ಅಕ್ಷರಗಳನ್ನು ಎಷ್ಟು ಬೇಗ ಗುರುತಿಸುತ್ತಾನೆ ನೋಡಿ. ಇವುಗಳಲ್ಲಿ ತಿಂಗಳುಗಟ್ಟಲೆ ಹಿಂದೆ ಬೀಳುವ ಮಗುವಿಗೆ ಸಹಾಯ ಶುರು ಮಾಡಬೇಕು. ಹೆಸರು ಏನೆಂದು ಆಮೇಲೆ ತೀರ್ಮಾನವಾಗಲಿ."

ಈ ಮಾತಿನ ಹಿಂದೆ ಒಂದು ದೊಡ್ಡ ಕೊರತೆಯಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾಗೆ ಜಾಗವೇ ಇರಲಿಲ್ಲ. 2016ರ ಕಾಯ್ದೆ ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿದ ಪಟ್ಟಿಯಲ್ಲಿ ಕಲಿಕೆಯ ನಿರ್ದಿಷ್ಟ ತೊಡಕೂ ಸೇರಿತು. ಅದನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳುವುದು ಶಾಲೆಗಳ ಕರ್ತವ್ಯವೆಂದು ಹದಿನಾರನೇ ಸೆಕ್ಷನ್ ಹೇಳಿತು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ, ಮೂರನೇ ತರಗತಿ ಅಥವಾ ಎಂಟನೇ ವಯಸ್ಸಿನಲ್ಲಿ, ಯಾವುದು ಮೊದಲೋ ಆಗ, ಟೀಚರುಗಳೇ ತಪಾಸಣೆ ಮಾಡಬೇಕೆಂದಿತು. ಪ್ರತಿ ಶಾಲೆಯಲ್ಲೂ ಪ್ರಾಂಶುಪಾಲರ ನೇತೃತ್ವದ ಸಮಿತಿ ಇರಬೇಕೆಂದಿತು. ಪ್ರಮಾಣಪತ್ರಕ್ಕೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಯನ್ನು ಗೊತ್ತುಪಡಿಸಿತು. ಎಂಟು ವರ್ಷ ತುಂಬಿದ ಮೇಲೆಯೇ ಪತ್ರ ಕೊಡಬೇಕೆಂದಿತು. ಹದಿನಾಲ್ಕಕ್ಕೆ ಮತ್ತೊಮ್ಮೆ, ಹದಿನೆಂಟಕ್ಕೆ ಇನ್ನೊಮ್ಮೆ ಪರೀಕ್ಷೆ ಆಗಬೇಕೆಂದಿತು.

ಎಂಟು ವರ್ಷದವರೆಗೆ ಕಾಯುವುದಕ್ಕೆ ಕಾರಣವಿದೆ: ಆರು ವರ್ಷದ ಮಗುವಿನ ತಡವರಿಕೆ ತಾನಾಗಿಯೇ ಸರಿಹೋಗಲೂಬಹುದು, ಆತುರದಲ್ಲಿ ಅಂಗವೈಕಲ್ಯದ ಮುದ್ರೆ ಒತ್ತಬಾರದು. ಪತ್ರಕ್ಕೆ ಆ ಎಚ್ಚರ ಸರಿ. ಆದರೆ ಶಾಲೆಗಳು ಪತ್ರಕ್ಕೆ ಹೇಳಿದ್ದನ್ನು ಪಾಠಕ್ಕೂ ಅನ್ವಯಿಸಿಕೊಂಡಿವೆ. ಪತ್ರ ತನ್ನಿ, ಆಮೇಲೆ ನೋಡೋಣ ಎನ್ನುತ್ತವೆ. ಅಷ್ಟರಲ್ಲಿ ಮಗು ಎರಡು ಮೂರು ವರ್ಷ ಸೋತಿರುತ್ತದೆ, ತಾನು ದಡ್ಡ ಎಂಬ ತೀರ್ಪನ್ನು ತನಗೆ ತಾನೇ ಕೊಟ್ಟುಕೊಂಡಿರುತ್ತದೆ. ಪ್ರಮಾಣಪತ್ರ ಬೇಕಾಗುವುದು ಪರೀಕ್ಷಾ ಮಂಡಳಿಗೆ. ಆರು ವರ್ಷದ ಮಗುವಿಗೆ 'ಕಿ' ಮತ್ತು 'ಕು'ಗಳ ವ್ಯತ್ಯಾಸವನ್ನು ಇನ್ನೊಂದು ಬಗೆಯಲ್ಲಿ ಕಲಿಸಲು ಯಾವ ಆಸ್ಪತ್ರೆಯ ಮೊಹರೂ ಬೇಡ.

"ಇನ್ನೊಂದು ಬಗೆ ಅಂದರೆ?" ಮೇಷ್ಟರೊಳಗಿನ ಕುತೂಹಲ ಎದ್ದಿತ್ತು.

ಅಮೆರಿಕದಲ್ಲಿ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ 1920ರ ದಶಕದಲ್ಲಿ ಇಂಥ ಮಕ್ಕಳನ್ನು ಅಧ್ಯಯನ ಮಾಡಿದರು. ಅವರೊಡನೆ ಕೆಲಸ ಮಾಡಿದ ಶಿಕ್ಷಕಿ ಆನಾ ಗಿಲಿಂಗ್‌ಹ್ಯಾಮ್ ಒಂದು ಬೋಧನಾ ಕ್ರಮ ಕಟ್ಟಿದರು. ಇವತ್ತಿನ ಹೆಚ್ಚಿನ ವಿಶೇಷ ಪಾಠಗಳ ಬೇರು ಅದೇ. ತಿರುಳು ಇಷ್ಟು: ಮಗು ತಾನಾಗಿ ಊಹಿಸಿಕೊಳ್ಳಲಿ ಎಂದು ಏನನ್ನೂ ಬಿಡಬಾರದು. ಸದ್ದು, ಗುರುತು, ಅವೆರಡರ ನಂಟು, ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಡಬೇಕು. ಕಣ್ಣು, ಕಿವಿ, ಬಾಯಿ, ಬೆರಳು ಒಟ್ಟಿಗೆ ದುಡಿಯಬೇಕು. ಚಿಕ್ಕ ಮೆಟ್ಟಿಲು, ಪ್ರತಿದಿನ, ಹಿಂದಿನದು ಗಟ್ಟಿಯಾಗದೆ ಮುಂದಿನದಿಲ್ಲ.

"ಮರಳಿನ ಮೇಲೆ ಬೆರಳಿನಿಂದ ಬರೆಸುತ್ತಿದ್ದೆವು ಅಂದೆನಲ್ಲ!" ಎಂದರು ತಾತ.

"ಹೌದು ಸಾರ್, ಅದು ಒಳ್ಳೆಯದೇ. ಬರೆಯುವಾಗ ಸದ್ದನ್ನು ಬಾಯಲ್ಲಿ ಹೇಳಿಸುತ್ತಿದ್ದಿರಾ?"

"ಒಂದನೇ ಕ್ಲಾಸಿನಲ್ಲಿ ಹೇಳಿಸುತ್ತಿದ್ದೆವು. ಆಮೇಲೆ ಸುಮ್ಮನೆ ಬರೆಯುತ್ತಿದ್ದರು."

"ಸುಮ್ಮನೆ ಬರೆದ ಇಪ್ಪತ್ತೈದು ಸಲದಲ್ಲಿ ಅವರಿಗೆ ಸಿಕ್ಕಿದ್ದು ಕೈನೋವು. ಬಾಯಲ್ಲಿ ಹೇಳುತ್ತ, ಎಲ್ಲಿ ತಪ್ಪಾಯಿತೆಂದು ಅಲ್ಲೇ ತಿದ್ದಿಕೊಳ್ಳುತ್ತ ಐದು ಸಲ ಬರೆದರೆ ಹೆಚ್ಚು ನಿಲ್ಲುತ್ತದೆ."

ಕಾಗುಣಿತದ ಬಗ್ಗೆ ಅವರು ಹೇಳಿದ್ದು ಕನ್ನಡದ ಪ್ರತಿ ಪ್ರಾಥಮಿಕ ಶಾಲೆಗೂ ಸೇರಬೇಕಾದ ಮಾತು. ಕ, ಕಾ, ಕಿ, ಕೀ ಎಂದು ರಾಗವಾಗಿ ಒಪ್ಪಿಸುವಾಗ ಮಗು ರಾಗವನ್ನು ಕಲಿಯುತ್ತದೆ. ನಡುವಿನಿಂದ 'ಕೆ' ತೋರಿಸಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅದೇ ಕಾಗುಣಿತವನ್ನು ಮೇಲಿನಿಂದ ಕೆಳಕ್ಕೆ ಓದಿಸಬೇಕು: ಕಿ, ಗಿ, ತಿ, ಪಿ, ಮಿ. ಆಗ ಗುಡಿಸು ಎಂಬ ಗುರುತು ಎಲ್ಲಿ ಬಂದರೂ ಒಂದೇ ಸದ್ದು ಕೊಡುತ್ತದೆಂಬುದು ಮಗುವಿಗೆ ಕೇಳಿಸುತ್ತದೆ. ಅಕ್ಷರದೊಳಗಿನ ಸ್ವರವನ್ನು ಬೇರೆಮಾಡಿ ಹಿಡಿಯುವ ಕೌಶಲ ಇದೇ, ಡಿಸ್ಲೆಕ್ಸಿಯಾ ಇರುವ ಮಗುವಿಗೆ ಕೊರತೆಯಾಗಿರುವುದೂ ಇದೇ. ನಮ್ಮ ಕೋಷ್ಟಕದಲ್ಲೇ ಅದರ ಅಭ್ಯಾಸ ಸಿದ್ಧವಾಗಿ ಕೂತಿದೆ, ನಾವು ಒಂದೇ ದಿಕ್ಕಿನಲ್ಲಿ ಓದಿಸುತ್ತೇವೆ ಅಷ್ಟೇ.

"ಇದನ್ನೆಲ್ಲ ನಲವತ್ತು ಐವತ್ತು ಮಕ್ಕಳ ಕ್ಲಾಸಿನಲ್ಲಿ ಮಾಡುವುದು ಸಾಧ್ಯವಾ?" ತಾಯಿಯ ಪ್ರಶ್ನೆಯಲ್ಲಿ ನಿಜವಾದ ಅನುಮಾನವಿತ್ತು. ಟೀಚರನ್ನು ದೂರುವುದು ಅವರಿಗೆ ಇಷ್ಟವಿರಲಿಲ್ಲ. ಟೀಚರುಗಳೂ ಸಂಜೆ ನಾಲ್ಕು ರಾಶಿ ನೋಟ್‌ಬುಕ್ ಹೊತ್ತು ಮನೆಗೆ ಹೋಗುವವರು.

ಎಲ್ಲವೂ ಕ್ಲಾಸಿನಲ್ಲೇ ಆಗಬೇಕಿಲ್ಲ ಎಂದರು ಶಿಕ್ಷಕಿ. ಓದು ಕಲಿಸುವ ಬಿಡಿ ಪಾಠಕ್ಕೆ ರಿಸೋರ್ಸ್ ರೂಮ್ ಬೇಕು. ಒಬ್ಬರೋ ಮೂವರೋ ಮಕ್ಕಳು, ದಿನಕ್ಕೆ ಅರ್ಧ ಮುಕ್ಕಾಲು ಗಂಟೆ. ಚೆನ್ನೈಯಲ್ಲಿ 1991ರಲ್ಲಿ ಹುಟ್ಟಿದ ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಶಿಕ್ಷಕರನ್ನು ಇದಕ್ಕಾಗಿ ತಯಾರು ಮಾಡುತ್ತ ಬಂದಿದೆ. ಕೋಲ್ಕತ್ತದಲ್ಲಿ ದಿವ್ಯಾ ಜಾಲಾನ್ ಮುಂದೆ ನಿಂತು ಕಟ್ಟಿದ ಬ್ರೇಕಿಂಗ್ ಥ್ರೂ ಡಿಸ್ಲೆಕ್ಸಿಯಾ ಸಂಸ್ಥೆ ಮಕ್ಕಳ ಜೊತೆಗೂ ಶಿಕ್ಷಕರ ಜೊತೆಗೂ ಇದೇ ಕೆಲಸ ಮಾಡುತ್ತದೆ. ಆದರೆ ಉಳಿದ ಐದು ಗಂಟೆ ಮಗು ಇರುವುದು ಮಾಮೂಲಿ ಕ್ಲಾಸಿನಲ್ಲೇ. ಅಲ್ಲಿ ಬೇಕಾಗುವ ಬದಲಾವಣೆಗೆ ಹಣವೂ ಬೇಡ, ಹೆಚ್ಚು ಸಮಯವೂ ಬೇಡ.

ಮುನ್ಸೂಚನೆ ಇಲ್ಲದೆ ಎಬ್ಬಿಸಿ ನಿಲ್ಲಿಸಿ ಗಟ್ಟಿಯಾಗಿ ಓದಿಸಬಾರದು. ಇದನ್ನು ಅವರು ಎರಡು ಸಲ ಹೇಳಿದರು. ಓದಿಸಲೇಬೇಕಾದರೆ ಯಾವ ಪ್ಯಾರಾ ಎಂದು ಹಿಂದಿನ ದಿನ ತಿಳಿಸಿ, ಮನೆಯಲ್ಲಿ ತಯಾರಾಗಿ ಬರಲಿ. ಬೋರ್ಡಿನಿಂದ ನಕಲು ಮಾಡಿಸುವ ಬದಲು ಪಕ್ಕದವರ ನೋಟ್ಸಿನ ಪ್ರತಿ ಕೊಡಿ. ಬೋರ್ಡು, ಕಾಗದ, ಮತ್ತೆ ಬೋರ್ಡು ಎಂದು ಕಣ್ಣೆತ್ತಿ ಇಳಿಸುವಷ್ಟರಲ್ಲಿ ಅವನಿಗೆ ಸಾಲು ಕಳೆದುಹೋಗಿರುತ್ತದೆ. ವಿಜ್ಞಾನದ ಉತ್ತರದಲ್ಲಿ ವಿಜ್ಞಾನಕ್ಕೆ ಅಂಕ ಕೊಡಿ, ಸ್ಪೆಲ್ಲಿಂಗಿಗಾಗಿ ಕಳೆಯಬೇಡಿ. ಪ್ರಶ್ನೆಯನ್ನು ಓದಿ ಹೇಳಿ, ಉತ್ತರವನ್ನು ಬಾಯಲ್ಲೂ ಕೇಳಿ. ಅಕ್ಷರ ದೊಡ್ಡದಾಗಿ, ಸಾಲುಗಳ ನಡುವೆ ಜಾಗ ಬಿಟ್ಟು ಮುದ್ರಿಸಿ. ಪಾಠದ ಸತ್ವ ಮಾತ್ರ ಇಳಿಸಬೇಡಿ. ಅವನ ಬುದ್ಧಿಗೆ ಮೂರನೇ ಕ್ಲಾಸಿನ ಕಥೆ ಬೇಕು, ಒಂದನೇ ಕ್ಲಾಸಿನ ಪುಸ್ತಕ ಕೊಟ್ಟರೆ ಅವಮಾನವಾಗುತ್ತದೆ. ಅದಕ್ಕೇ ದೊಡ್ಡವರು ಓದಿ ಹೇಳುವುದನ್ನು ನಿಲ್ಲಿಸಬಾರದು. ಪದಸಂಪತ್ತು, ತಿಳಿವಳಿಕೆ ಕಿವಿಯ ಮೂಲಕವಾದರೂ ಬೆಳೆಯಲಿ.

ತಾಯಿ ಮೊಬೈಲ್ ತೆಗೆದು ಒಂದು ಜಾಹೀರಾತು ತೋರಿಸಿದರು. ಬಣ್ಣದ ಗಾಜಿನ ಕನ್ನಡಕ, ಕಣ್ಣಿನ ವ್ಯಾಯಾಮ, ಮೂರು ತಿಂಗಳ ಕೋರ್ಸು.

"ಬೇಡ," ಎಂದರು ಶಿಕ್ಷಕಿ. ಅಮೆರಿಕದ ಮಕ್ಕಳ ವೈದ್ಯರ, ಕಣ್ಣಿನ ವೈದ್ಯರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ: ಡಿಸ್ಲೆಕ್ಸಿಯಾಗೆ ಇವುಗಳಿಂದ ಉಪಯೋಗವಿದೆ ಎನ್ನಲು ಆಧಾರವಿಲ್ಲ. ಆ ದುಡ್ಡಿನಲ್ಲಿ ಕಥೆಪುಸ್ತಕ ಕೊಳ್ಳಬಹುದು.

ಪರೀಕ್ಷೆಯ ಮಾತು ಬಂದಾಗ ತಾತ ಮತ್ತೆ ಗಡುಸಾದರು. "ಒಬ್ಬನಿಗೆ ಹೆಚ್ಚು ಹೊತ್ತು, ಒಬ್ಬನಿಗೆ ಬರೆದುಕೊಡಲು ಆಳು. ಉಳಿದ ಮಕ್ಕಳಿಗೆ ಅನ್ಯಾಯ ಅಲ್ಲವೇ?"

ಇದು ಶಾಲೆಗಳ ಪೋಷಕರ ಸಭೆಗಳಲ್ಲಿ ಪಿಸುಮಾತಿನಲ್ಲಿ ಕೇಳಿಬರುವ ಪ್ರಶ್ನೆ. ಮಹಾರಾಷ್ಟ್ರ ಸರ್ಕಾರ 1990ರ ದಶಕದಲ್ಲೇ ಇಂಥ ಮಕ್ಕಳಿಗೆ ಎಸ್ಸೆಸ್ಸಿಯಲ್ಲಿ ಅನುಕೂಲ ಕೊಡಲು ಶುರು ಮಾಡಿತು. ಸಿಬಿಎಸ್ಇ, ಐಸಿಎಸ್ಇ ಮಂಡಳಿಗಳು ಹೆಚ್ಚಿನ ಸಮಯ, ಬರೆಯುವ ಸಹಾಯಕ, ಭಾಷೆಯಲ್ಲಿ ವಿನಾಯಿತಿ ಮುಂತಾದವನ್ನು ಕೊಡುತ್ತವೆ. ಅಂಗವಿಕಲರ ಪರೀಕ್ಷೆಗಳ ಬಗ್ಗೆ 2018ರ ಆಗಸ್ಟಿನಲ್ಲಿ ಕೇಂದ್ರ ಹೊರಡಿಸಿದ ನಿಯಮ, ಹೆಚ್ಚುವರಿ ಸಮಯ ಗಂಟೆಗೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿರಬಾರದೆಂದಿತು.

"ಇತಿಹಾಸದ ಪರೀಕ್ಷೆಯಲ್ಲಿ ಏನು ಅಳೆಯುತ್ತೀರಿ ಸಾರ್? ಇತಿಹಾಸ ಗೊತ್ತಿದೆಯೇ ಎಂದೋ, ಎಷ್ಟು ಬೇಗ ಓದುತ್ತಾನೆ ಎಂದೋ?"

"ಇತಿಹಾಸ."

"ಅವನಿಗೆ ಪ್ರಶ್ನೆಪತ್ರಿಕೆ ಓದಲಿಕ್ಕೇ ಮೊದಲ ಇಪ್ಪತ್ತು ನಿಮಿಷ ಹೋಗಿರುತ್ತದೆ. ಹೆಚ್ಚುವರಿ ಸಮಯ ಎಂದು ಕೊಡುವುದು ಅದನ್ನೇ ವಾಪಸ್."

ತಾತ ಒಪ್ಪಿದರೋ ಇಲ್ಲವೋ, ವಾದ ಮುಂದುವರಿಸಲಿಲ್ಲ. ಬದಲಿಗೆ ತಾಯಿ 'ತಾರೇ ಜಮೀನ್ ಪರ್' ನೆನೆದರು. 2007ರ ಆ ಚಿತ್ರ ನೋಡಿ ಅತ್ತವರು ಅವರು. ತಮ್ಮ ಮನೆಗೇ ಆ ಕಥೆ ಬಂದಾಗ ಗುರುತು ಹಿಡಿಯಲು ಎರಡು ವರ್ಷ ಹಿಡಿಯಿತು. ಆ ಚಿತ್ರದ ಉಪಕಾರ ದೊಡ್ಡದು. ಡಿಸ್ಲೆಕ್ಸಿಯಾ ಎಂಬ ಪದವನ್ನು ಅದು ದೇಶದ ಮನೆಮನೆಗೆ ತಂದಿತು. ಆದರೆ ಅದರಿಂದ ಎರಡು ನಿರೀಕ್ಷೆಗಳೂ ಬೆಳೆದವು: ಇಂಥ ಪ್ರತಿ ಮಗುವಿನಲ್ಲೂ ಒಬ್ಬ ಕಲಾವಿದ ಅಡಗಿರುತ್ತಾನೆ, ಒಬ್ಬ ಮಹಾತ್ಮ ಟೀಚರು ಬಂದು ಕೆಲವೇ ತಿಂಗಳಲ್ಲಿ ಎಲ್ಲ ಸರಿಮಾಡುತ್ತಾನೆ. ಸಾಧಾರಣ ಚಿತ್ರ ಬರೆಯುವ, ಸಾಧಾರಣ ಕ್ರಿಕೆಟ್ ಆಡುವ ಡಿಸ್ಲೆಕ್ಸಿಯಾ ಮಕ್ಕಳೇ ಹೆಚ್ಚು. ಓದುವ ಹಕ್ಕು ಅವರಿಗೂ ಅಷ್ಟೇ ಇದೆ, ಅದಕ್ಕೆ ಬಹುಮಾನ ಗೆದ್ದು ತೋರಿಸಬೇಕಿಲ್ಲ. ಸರಿಹೋಗುವುದು ವರ್ಷಗಳ ಕೆಲಸ. ಓದು ಬರುತ್ತದೆ, ನಿಖರವಾಗುತ್ತದೆ. ವೇಗ ಮಾತ್ರ ಹಲವರಿಗೆ ಕೊನೆಯವರೆಗೂ ಕಡಿಮೆಯೇ.

"ಹಾಗಾದರೆ ಕನ್ನಡ ನಿಲ್ಲಿಸಿಬಿಡಲೇ? ಗೋಡೆಯ ಅಕ್ಷರಮಾಲೆ ತೆಗೆದುಬಿಡುತ್ತೇನೆ. ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಎಂದು ಶಾಲೆಯಲ್ಲಿ ಒಬ್ಬರು ಸಲಹೆ ಕೊಟ್ಟಿದ್ದಾರೆ."

ಶಿಕ್ಷಕಿ ಕುರ್ಚಿಯಿಂದ ಮುಂದೆ ಬಾಗಿದರು. "ಮಾತು ನಿಲ್ಲಿಸಲೇಬೇಡಿ. ಎರಡು ಭಾಷೆ ಆಡುವುದರಿಂದ ಡಿಸ್ಲೆ­ಕ್ಸಿಯಾ ಬರುವುದೂ ಇಲ್ಲ, ಹೆಚ್ಚುವುದೂ ಇಲ್ಲ. ಅವನ ಕಥೆ, ಜಗಳ, ನಗು ಎಲ್ಲ ಕನ್ನಡದಲ್ಲಿದೆ. ಅದನ್ನು ಕಿತ್ತುಕೊಂಡರೆ ಅವನು ಚೆನ್ನಾಗಿ ಮಾಡಬಲ್ಲ ಒಂದೇ ಕೆಲಸವನ್ನೂ ಕಿತ್ತುಕೊಂಡ ಹಾಗೆ. ಬರಹದ ಭಾರ ಇಳಿಸೋಣ. ಮೂರನೇ ಭಾಷೆಯ ಬರವಣಿಗೆಯಿಂದ ವಿನಾಯಿತಿ ಕೇಳಿ ಶಾಲೆಗೆ ಪತ್ರ ಕೊಡಿ, ಬಂಗಾಳಿ ಮಾತು ಗೆಳೆಯರಿಂದ ಬರಲಿ. ಇಂಗ್ಲಿಷ್ ಓದಿಗೆ ನಾನು ವಾರಕ್ಕೆ ನಾಲ್ಕು ದಿನ ಕೂರುತ್ತೇನೆ. ಪರೀಕ್ಷೆಗೆ ಅರ್ಜಿಯನ್ನೂ ಹಾಕೋಣ, ಅವನಿಗೆ ಎಂಟು ತುಂಬಿದೆ. ಆದರೆ ಆ ಪತ್ರ ಬರುವವರೆಗೆ ಸುಮ್ಮನಿರುವುದು ಬೇಡ."

"ಕನ್ನಡದ ಓದು?" ಎಂದರು ತಾತ.

"ಅದು ನಿಮ್ಮದು, ಈ ಬೇಸಿಗೆ ಪೂರ್ತಿ ಇಲ್ಲೇ ಇರುತ್ತೀರಲ್ಲ. ದಿನಕ್ಕೆ ಹದಿನೈದು ನಿಮಿಷ ಸಾಕು."

"ಎಲ್ಲಿಂದ ಶುರು ಮಾಡಲಿ? ಅ, ಆ?"

"ಬೇಡ. ಗುಣಿತವಿಲ್ಲದ, ನೋಟಕ್ಕೆ ಒಂದನ್ನೊಂದು ಹೋಲದ ಐದು ಅಕ್ಷರ ಆರಿಸಿ. ರ, ಗ, ಸ, ದ, ಜ. ದ ಇರುವಾಗ ಧ ಬೇಡ, ಅದು ತಿಂಗಳ ಮೇಲೆ ಬರಲಿ. ಮೊದಲ ದಿನವೇ ಪದ ಮಾಡಿ: ಸರ, ಗರ, ಜಗ, ಸರದ. ಹತ್ತರಲ್ಲಿ ಒಂಬತ್ತು ಪದ ತಡೆಯಿಲ್ಲದೆ ಓದಿದ ಮೇಲೆ ಒಂದೇ ಗುಣಿತ ಸೇರಿಸಿ, ಇಕಾರ. ಒತ್ತಕ್ಷರದ ಹೆಸರನ್ನೂ ಎತ್ತಬೇಡಿ."

ತಾತ ಜೇಬಿನಿಂದ ಪೆನ್ನು ತೆಗೆದು ಆ ಐದು ಅಕ್ಷರಗಳನ್ನು ಬರೆದುಕೊಂಡರು. "ತಪ್ಪಿದರೆ?" ಎಂದರು.

"ಸರಿಯಾದದ್ದನ್ನು ನೀವು ಹೇಳಿ, ಅವನಿಂದ ಒಮ್ಮೆ ಹೇಳಿಸಿ, ಮುಂದಕ್ಕೆ ಹೋಗಿ. ಇಪ್ಪತ್ತೈದು ಸಲ ಬೇಡ."